ತೇಪೆಯ ಚರಿತ್ರೆ



ಗದಗಿಗೆ ಸಮೀಪದ ಮುಳಗುಂದ ನನ್ನ ಊರು. ಇಂದು ಅದು ಒಂದು ಸಣ್ಣ ಪಟ್ಟಣ. ಆದರೆ ಸಾವಿರ ವರ್ಷಗಳ ಹಿಂದೆ ವಿದ್ಯೆಯ ಊರಾಗಿತ್ತು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದ, ಶಕ 824ರ ಜಿನಾಲಯ ಶಾಸನ ಇಲ್ಲಿಯದು. ಮಲ್ಲಿಷೇಣನು 1047ರಲ್ಲಿ ತನ್ನ ಸಂಸ್ಕೃತ ಮಹಾಪುರಾಣವನ್ನು ಮುಗಿಸಿದ್ದು ಇಲ್ಲಿ. 1112ರಲ್ಲಿ ನಯಸೇನನು ‘ಧರ್ಮಾಮೃತ’ವನ್ನು ಬರೆದದ್ದೂ ಇಲ್ಲಿಯೇ. ಬಾಲ್ಯದಲ್ಲಿ ಬಸದಿಯ ಕಲ್ಲಿನ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಸವರುತ್ತ ಬೆಳೆದವನು ನಾನು. ಕಲ್ಲಿನ ಬರಹದ ಒಂದು ಗುಣವನ್ನು ನಾನು ಅಂದು ಗಮನಿಸಿರಲಿಲ್ಲ. ಅದಕ್ಕೆ ಒಮ್ಮೆ ಕೆತ್ತಿದ ಮೇಲೆ ಮತ್ತೆ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ, ದಾನವನ್ನು ಕೆಡಿಸಿದವನಿಗೆ ಒಂದು ಶಾಪವಿರುತ್ತದೆ. ಬರಹಕ್ಕೆ ಬೇಕಾದ ಕಾವಲೆಲ್ಲ ಆ ನಾಲ್ಕು ಸಾಲಿನಲ್ಲಿ ಮುಗಿಯಿತು.

ಇಂದು ನಮ್ಮ ಬರಹಗಳು ಕಲ್ಲಿನ ಮೇಲಿಲ್ಲ, ಓಲೆಯ ಮೇಲಿಲ್ಲ, ಬಹುಪಾಲು ಕಾಗದದ ಮೇಲೂ ಇಲ್ಲ. ಅವು ಕಂಪ್ಯೂಟರಿನೊಳಗಿವೆ. ಅಲ್ಲಿಯ ಕಾವಲು ಒಂದು ಸಲಕ್ಕೆ ಮುಗಿಯುವುದಿಲ್ಲ. ತಿಂಗಳು ತಿಂಗಳು ಹೊಸದಾಗಬೇಕು. ಕೆಲಸ ಮಾಡುತ್ತಿರುವಾಗ ಪರದೆಯ ಮೂಲೆಯಿಂದ ಒಂದು ಸೂಚನೆ ಇಣುಕುತ್ತದೆ: ಭದ್ರತೆಯ ಅಪ್‌ಡೇಟ್ ಸಿದ್ಧವಾಗಿದೆ, ಯಂತ್ರವನ್ನು ಮತ್ತೆ ಆರಂಭಿಸಿ. ನಾವು ‘ಆಮೇಲೆ’ ಎಂಬ ಗುಂಡಿಯನ್ನು ಒತ್ತುತ್ತೇವೆ. ಮರುದಿನವೂ ಒತ್ತುತ್ತೇವೆ. ಈ ‘ಆಮೇಲೆ’ ಎಂಬ ಮಾತಿನ ಹಿಂದಿರುವ ಚರಿತ್ರೆಯನ್ನೂ, ಅದಕ್ಕೆ ನಾನು ತೆತ್ತ ಬೆಲೆಯನ್ನೂ ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಒಂದೆರಡು ಪದಗಳ ವಿಚಾರ. ಕನ್ನಡದಲ್ಲಿ ಸಂಸ್ಕೃತವನ್ನು ಅನಗತ್ಯವಾಗಿ ಬೆರೆಸುವವರನ್ನು ನಯಸೇನ ಗದರಿಸಿದ್ದ. ಅವನ ಊರಿನವನಾದ ನಾನು ಇಂಗ್ಲಿಷನ್ನು ಬೆರೆಸುವಾಗ ಸ್ವಲ್ಪ ಅಳುಕಬೇಕಷ್ಟೆ. ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ಆಳುವ, ನಾವು ಬಳಸುವ ಉಳಿದ ತಂತ್ರಾಂಶಗಳಿಗೆಲ್ಲ ನೆಲೆಯಾಗುವ ಮೂಲ ತಂತ್ರಾಂಶವನ್ನು ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ವಿಂಡೋಸ್, ಲಿನಕ್ಸ್ ಮುಂತಾದವು ಈ ಜಾತಿಯವು. ಅದರಲ್ಲಿ ಕಂಡುಬಂದ ತೂತನ್ನು ಮುಚ್ಚುವ ಸಣ್ಣ ತುಣುಕಿಗೆ ಇಂಗ್ಲಿಷಿನಲ್ಲಿ ಪ್ಯಾಚ್ ಎನ್ನುತ್ತಾರೆ. ಕನ್ನಡದಲ್ಲಿ ತೇಪೆ ಎಂದರೆ ಸರಿಹೋಗುತ್ತದೆ. ಇದು ಬರಿಯ ಉಪಮೆಯಲ್ಲ. ರಂಧ್ರಗಳಿರುವ ಕಾಗದದ ಪಟ್ಟಿಯ ಮೇಲೆ ಆದೇಶಗಳನ್ನು ಬರೆಯುತ್ತಿದ್ದ ಕಾಲದಲ್ಲಿ, ತಪ್ಪು ಕಂಡಾಗ ಆ ಭಾಗವನ್ನು ಕತ್ತರಿಸಿ, ಸರಿಯಾದ ಇನ್ನೊಂದು ತುಣುಕನ್ನು ನಿಜವಾಗಿಯೂ ಅಂಟಿಸುತ್ತಿದ್ದರು.

ತೇಪೆಯೆಂದೊಡನೆ ನನಗೆ ನೆನಪಾಗುವುದು ನಮ್ಮ ಅವ್ವ ಹೊಲಿಯುತ್ತಿದ್ದ ಕೌದಿ. ಹಳೆಯ ಸೀರೆ, ಧೋತರ, ಕುಬಸದ ತುಣುಕುಗಳನ್ನು ಕೂಡಿಸಿ ಹೊಲಿದ ಆ ಹೊದಿಕೆ ಪ್ರತಿ ಬೇಸಿಗೆಯಲ್ಲೂ ಮರುಹೊಲಿಗೆಗೆ ಬರುತ್ತಿತ್ತು. “ಹರದದ್ದು ಕಂಡಾಗ ತ್ಯಾಪಿ ಹಚ್ಚಬೇಕಪಾ. ನಾಳಿಗೆ ಅಂದ್ರ ಬೆರಳು ಹೊಗೂವಷ್ಟ ಇದ್ದದ್ದು ಕೈ ಹೊಗೂವಷ್ಟ ಆಕ್ಕೈತಿ” ಎನ್ನುತ್ತಿದ್ದಳು. ನಾನು ಹೇಳಬೇಕೆಂದಿರುವುದರ ಅರ್ಧಭಾಗ ಈ ಮಾತಿನಲ್ಲಿಯೇ ಇದೆ.

ಮನೆಯ ಕಂಪ್ಯೂಟರು ಹುಟ್ಟಿದ್ದು ಬೀಗವಿಲ್ಲದ ಮನೆಯಾಗಿ. 1981ರಲ್ಲಿ ಐ.ಬಿ.ಎಂ. ಸಂಸ್ಥೆಯ ವೈಯಕ್ತಿಕ ಕಂಪ್ಯೂಟರಿನೊಡನೆ ಬಂದ ಡಾಸ್ ವ್ಯವಸ್ಥೆಯ ಹಿಂದಿದ್ದ ಕಲ್ಪನೆ ಸರಳವಾದದ್ದು: ಒಂದು ಮೇಜು, ಒಂದು ಯಂತ್ರ, ಒಬ್ಬ ಯಜಮಾನ. ಪರಕೀಯನು ಬರಬೇಕಾದರೆ ಬಾಗಿಲಿನಿಂದಲೇ ಬರಬೇಕು. ಅವನು ಮೊದಲು ಬಂದದ್ದು ಫ್ಲಾಪಿ ತಟ್ಟೆಯ ಮೇಲೆ ಕುಳಿತು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು, ತಮ್ಮ ತಂತ್ರಾಂಶವನ್ನು ಕದ್ದು ನಕಲು ಮಾಡುವವರನ್ನು ಹಿಡಿಯಲೆಂದು ರಚಿಸಿದ ‘ಬ್ರೇನ್’ ಎಂಬುದು ಈ ಬಗೆಯ ವೈಯಕ್ತಿಕ ಕಂಪ್ಯೂಟರುಗಳ ಮೊದಲ ವೈರಸ್ಸೆಂದು ಹೆಸರಾಯಿತು. ಎರಡು ವರ್ಷಗಳ ಬಳಿಕ, 1988ರ ನವೆಂಬರ್ 2ರಂದು, ಅಮೆರಿಕದ ವಿದ್ಯಾರ್ಥಿಯೊಬ್ಬನು ಬಿಟ್ಟ ಮಾರಿಸ್ ಹುಳು ಅಂದಿನ ಚಿಕ್ಕ ಅಂತರಜಾಲದ ಸುಮಾರು 6,000 ಯಂತ್ರಗಳನ್ನು ಕುಂಟಿಸಿತು. ಅದಕ್ಕೆ ಫ್ಲಾಪಿಯೂ ಬೇಕಿರಲಿಲ್ಲ; ತಂತಿಯ ಮೇಲೆಯೇ ನಡೆದು ಹೋಯಿತು. ಇಂಥ ಅವಘಡಗಳನ್ನು ನೋಡಿಕೊಳ್ಳಲು ‘ಸರ್ಟ್’ ಎಂಬ ತಂಡ ಅದೇ ತಿಂಗಳು ಅಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿ ಇದೇ ಕೆಲಸಕ್ಕೆ ‘ಸರ್ಟ್-ಇನ್’ ಆರಂಭವಾದದ್ದು 2004ರ ಜನವರಿಯಲ್ಲಿ.

ತೊಂಬತ್ತರ ದಶಕದಲ್ಲಿ ಮನೆಮನೆಯ ಯಂತ್ರಗಳೂ ಅಂತರಜಾಲಕ್ಕೆ ಜೋಡಿದವು. ಒಬ್ಬನೇ ಯಜಮಾನನೆಂದು ಕಟ್ಟಿದ ಮನೆಯನ್ನು ಜಾತ್ರೆಯ ನಡುವೆ ಇಟ್ಟಂತಾಯಿತು. 2001ರ ಜುಲೈನಲ್ಲಿ ‘ಕೋಡ್ ರೆಡ್’ ಎಂಬ ಹುಳು ಹದಿನಾಲ್ಕು ಗಂಟೆಗಳೊಳಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹೊಕ್ಕಿತು. ಅದು ಹೊಕ್ಕ ತೂತಿಗೆ ತೇಪೆಯು ಹಿಂದಿನ ತಿಂಗಳೇ ಸಿದ್ಧವಾಗಿತ್ತು. ಹಚ್ಚಿಕೊಂಡವರು ಕಡಿಮೆ, ಅಷ್ಟೆ. 2002ರ ಜನವರಿ 15ರಂದು ಬಿಲ್ ಗೇಟ್ಸ್ ಮೈಕ್ರೋಸಾಫ್ಟಿನ ನೌಕರರಿಗೆಲ್ಲ ಒಂದು ಪತ್ರ ಬರೆದು, ಹೊಸ ಸೌಕರ್ಯಕ್ಕಿಂತ ಭದ್ರತೆಯೇ ಮುಖ್ಯವೆಂದು ಸಾರಿದರು. ವಿಂಡೋಸಿನ ಕೆಲಸವನ್ನು ಕೆಲವು ವಾರ ನಿಲ್ಲಿಸಿ ತೂತುಗಳನ್ನು ಹುಡುಕಲಾಯಿತು. ಆದರೂ 2003ರ ಆಗಸ್ಟಿನಲ್ಲಿ ‘ಬ್ಲಾಸ್ಟರ್’ ಬಂದಿತು. ಅದು ಹೊಕ್ಕ ಯಂತ್ರ, ಇನ್ನು ಅರವತ್ತು ಸೆಕೆಂಡುಗಳಲ್ಲಿ ಆರುತ್ತೇನೆಂದು ಎಣಿಸತೊಡಗುತ್ತಿತ್ತು, ಹೇಳಿದಂತೆಯೇ ಆರುತ್ತಿತ್ತು. ಅದಕ್ಕೂ ತೇಪೆಯು ಜುಲೈ 16ರಂದೇ ಹೊರಬಂದಿತ್ತು.

ತೇಪೆಗಳು ಹೊತ್ತುಗೊತ್ತಿಲ್ಲದೆ ಬಂದರೆ ಕಚೇರಿಗಳವರಿಗೆ ತೊಂದರೆಯೆಂದು 2003ರ ಅಕ್ಟೋಬರಿನಿಂದ ಒಂದು ಕ್ರಮ ಗೊತ್ತಾಯಿತು. ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆಗಳ ದಿನ. ಅಮೆರಿಕದಲ್ಲಿ ಅಂದಿನ ಬೆಳಗಾದಾಗ ನಮಗೆ ರಾತ್ರಿ. ಆದ್ದರಿಂದ ನಮಗೆ ಅದು ಬುಧವಾರದ ಬೆಳಗಿನ ಕಿರುಕುಳ.

ತೇಪೆ ಬಂದ ಮೇಲೆ ತಡಮಾಡುವುದರಿಂದ ಅಪಾಯ ಏಕೆ ಹೆಚ್ಚುತ್ತದೆ? ಬಹಳ ಜನರಿಗೆ ತಿಳಿಯದ, ನನಗೂ ತಡವಾಗಿ ತಿಳಿದ ಸಂಗತಿಯಿದು. ಒಂದೇ ಗೌಂಡಿ ಒಂದೇ ನಕ್ಷೆಯಿಂದ ಒಂದು ಓಣಿಯ ಮನೆಗಳನ್ನೆಲ್ಲ ಕಟ್ಟಿದ್ದಾನೆಂದು ತಿಳಿಯಿರಿ. ಒಂದು ದಿನ ಅವನು ಮೊದಲನೆಯ ಮನೆಯ ಹಿತ್ತಲ ಗೋಡೆಗೆ ಗಿಲಾವು ಹಚ್ಚುತ್ತಿರುವುದನ್ನು ಕಳ್ಳನು ನೋಡುತ್ತಾನೆ. ಉಳಿದ ಮನೆಗಳಲ್ಲಿ ತೂತು ಎಲ್ಲಿದೆಯೆಂದು ಅವನಿಗೆ ಆ ಕ್ಷಣವೇ ತಿಳಿಯಿತು. ತಂತ್ರಾಂಶದಲ್ಲಿಯೂ ಹೀಗೆಯೆ. ತೇಪೆಗೆ ಮುಂಚಿನ ರೂಪವನ್ನೂ ನಂತರದ ರೂಪವನ್ನೂ ಹೋಲಿಸಿ ನೋಡುವ ನಿಪುಣನು ರೋಗದ ಸ್ಥಾನವನ್ನು ಕಂಡುಕೊಳ್ಳುತ್ತಾನೆ. ಎರಡು ಹಸ್ತಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಪಾಠಾಂತರ ಹುಡುಕುವ ನಮ್ಮ ಸಂಪಾದಕರ ವಿದ್ಯೆಯೇ ಅಲ್ಲಿ ಕಳ್ಳನ ಕೈಗೆ ಸಿಕ್ಕಿದೆ. ತೇಪೆ ಹೊರಬಿದ್ದ ದಿನದಿಂದ ಹಚ್ಚಿಕೊಳ್ಳದವನ ಮನೆ ಮೊದಲಿಗಿಂತ ಹೆಚ್ಚು ಬಯಲಾಗುತ್ತದೆ.

ಹಾಗಿದ್ದರೆ ನಮ್ಮ ಊರುಗಳಲ್ಲಿ ಜನ ಏಕೆ ಹಚ್ಚಿಕೊಳ್ಳಲಿಲ್ಲ? ಸೋಮಾರಿತನವೊಂದೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. 2004ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಬಂದಿತು. ಹೊರಗಿನ ಒಳನುಗ್ಗುವಿಕೆಯನ್ನು ತಡೆಯುವ ಗೋಡೆಯನ್ನು ತಾನಾಗಿ ಎಬ್ಬಿಸುವ ಮಹತ್ವದ ತೇಪೆಯದು. ಅದರ ಪೂರ್ಣ ಗಾತ್ರ ಸುಮಾರು 266 ಮೆಗಾಬೈಟ್. ಸೆಕೆಂಡಿಗೆ 56 ಕಿಲೋಬಿಟ್ ತರುವ ಟೆಲಿಫೋನ್ ತಂತಿಯಲ್ಲಿ ಅದನ್ನು ಇಳಿಸಿಕೊಳ್ಳಲು, ಲೈನು ಒಮ್ಮೆಯೂ ಕಡಿಯದಿದ್ದರೂ, ಹತ್ತು ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತು ಫೋನಿನ ಬಿಲ್ಲು ಏರುತ್ತಿರಬೇಕು, ವಿದ್ಯುತ್ತೂ ಹೋಗದಿರಬೇಕು. ಅಂದಿನ ನಮ್ಮ ಊರುಗಳಲ್ಲಿ ಈ ಎರಡೂ ಕೂಡಿ ಬರುವುದು ದುರ್ಲಭ ಯೋಗ.

ಎರಡನೆಯ ಕಾರಣ ಸ್ವಲ್ಪ ನಾಚಿಕೆಯದು. ಬಿಡಿಭಾಗ ಜೋಡಿಸಿ ಕೊಟ್ಟ ಅನೇಕ ಯಂತ್ರಗಳಲ್ಲಿ ಇದ್ದದ್ದು ಹಣಕೊಟ್ಟು ಕೊಂಡ ಪ್ರತಿಯಲ್ಲ. 2006ರ ಹೊತ್ತಿಗೆ, ಇದು ಅಸಲಿ ಪ್ರತಿಯಲ್ಲವೆಂದು ಪರದೆಯ ಮೇಲೆ ಸಾರುವ ವ್ಯವಸ್ಥೆ ಬಂದಾಗ, ಅಂಗಡಿಯವರು ಅಪ್‌ಡೇಟನ್ನೇ ಆರಿಸಿಕೊಡತೊಡಗಿದರು. ಭದ್ರತೆಯ ತೇಪೆಗಳನ್ನು ಅಂಥವರಿಗೂ ತಡೆಯುವುದಿಲ್ಲವೆಂದು ಸಂಸ್ಥೆ ಹೇಳಿದ್ದರೂ ಆ ಮಾತು ಊರೂರಿಗೆ ಮುಟ್ಟಲಿಲ್ಲ. ಅಪ್‌ಡೇಟ್ ಎಂದರೆ ಕಾವಲುಗಾರನಲ್ಲ, ಜಪ್ತಿಗೆ ಬಂದ ಅಮೀನ ಎಂಬ ಭಾವನೆ ನೆಲೆಯೂರಿತು.

ಮೂರನೆಯ ಕಾರಣ ಕನ್ನಡದ್ದೇ. ಇದನ್ನು ಸ್ವಲ್ಪ ವಿಸ್ತರಿಸಬೇಕು. ಕಂಪ್ಯೂಟರಿಗೆ ಕನ್ನಡವನ್ನು ಕಲಿಸಿದ ಕೆ.ಪಿ. ರಾವ್ ಅವರ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವೆಲ್ಲವನ್ನೂ ನಾವು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಆ ಮೊದಲ ಕಾಲದ ಫಾಂಟುಗಳಲ್ಲಿ ಒಂದು ಉಪಾಯ ಅಡಗಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಕೋಣೆಗಳಲ್ಲಿ ಕನ್ನಡದ ಕಾಗುಣಿತದ ಚೂರುಗಳನ್ನು ಕೂರಿಸಿದ್ದರು. ಆ ಫಾಂಟು ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತಿತ್ತು; ಇಲ್ಲದ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಪ್ರತಿ ಲಿಪಿಗೂ ತನ್ನದೇ ಸ್ಥಾನ ಕೊಡುವ ಯುನಿಕೋಡ್ 1991ರಲ್ಲಿಯೇ ಪ್ರಕಟವಾಗಿ, ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಫಾಂಟು ಬಂದಿದ್ದರೂ ಮುದ್ರಣಾಲಯಗಳಲ್ಲಿ ಹಳೆಯ ಉಪಾಯವೇ ಉಳಿಯಿತು. ಏಕೆಂದರೆ ಅವರು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ 2001ರದು. ಅದಕ್ಕೆ ಯುನಿಕೋಡ್ ಬಾರದು.

ಮುದ್ರಣಕ್ಕೂ ನೇಯ್ಗೆಗೂ ಹೆಸರಾದ ಗದಗ-ಬೆಟಗೇರಿಯಲ್ಲಿ ನಾನು ಕಣ್ಣಾರೆ ಕಂಡ ಮಾತಿದು. ಲಗ್ನಪತ್ರಿಕೆ, ಪಂಚಾಂಗ, ಕವನಸಂಕಲನ ಎಲ್ಲವೂ ಅಡಗಿರುವ ಹಳೆಯ ಯಂತ್ರವನ್ನು ಅಂಗಡಿಯವನು ಮುಟ್ಟಗೊಡುತ್ತಿರಲಿಲ್ಲ. “ಏನರ ಹೊಸಾದು ಹಾಕಿದ್ರ ಅಕ್ಷರ ಹೋಗ್ತಾವರೀ ಸರ” ಎನ್ನುತ್ತಿದ್ದ. ಅವನ ಭಯ ಸುಳ್ಳಲ್ಲ. ಭದ್ರತೆಯೋ, ಲಿಪಿಯೋ, ಎರಡರಲ್ಲಿ ಒಂದನ್ನು ಆರಿಸಿಕೋ ಎಂದಾಗ ಅವನು ಲಿಪಿಯನ್ನು ಆರಿಸಿಕೊಂಡ. 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ತೇಪೆಗಳು ನಿಂತುಹೋದ ಮೇಲೂ ಅಂಥ ಯಂತ್ರಗಳು ಓಡುತ್ತಲೇ ಇದ್ದವು.

ಇತ್ತ ಸರಕಾರದ ದಾಖಲೆಗಳೂ ಯಂತ್ರದೊಳಗೆ ಸೇರಿದ್ದವು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು 2002ರ ವೇಳೆಗೆ ಕಂಪ್ಯೂಟರಿಗೆ ಏರಿ, ಕೈಬರಹದ ಪಹಣಿಗೆ ಬೆಲೆ ಹೋಯಿತು. ತಿದ್ದುವ ಅಧಿಕಾರಿ ಬೆರಳಿನ ಗುರುತು ಕೊಟ್ಟೇ ಒಳಹೊಗಬೇಕೆಂಬ ಎಚ್ಚರವನ್ನು ಅಲ್ಲಿ ವಹಿಸಿದ್ದರು. ಎರೆಹೊಲದ ರೈತನಿಗೆ ಕಾರ್ಯಾಚರಣ ವ್ಯವಸ್ಥೆ ಎಂಬ ಪದವೇ ತಿಳಿಯದಿರಬಹುದು. ಆದರೆ ಅವನ ಹೊಲದ ಬದುವು ಈಗ ಅದರ ಕಾವಲಿನಲ್ಲಿದೆ.

ಈಗ ನನ್ನ ಕಥೆಗೆ ಬರುತ್ತೇನೆ. ಅಧ್ಯಾಪಕನಾಗಿದ್ದ ಕಾಲದಿಂದ ನಾನು ನಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಕೂಡಿಸುತ್ತ ಬಂದವನು. ಕೂರಿಗೆ, ಎಡೆಕುಂಟೆ, ಹಗೇವು, ಹಂತಿ, ಮೇಟಿ, ಮಿಣಿ, ಇಂಥ ಪದಗಳು, ಅವುಗಳ ಸುತ್ತಣ ಗಾದೆ, ಬಳಕೆಯ ವಾಕ್ಯ. ಮೊದಲು ನೋಟುಪುಸ್ತಕಗಳಲ್ಲಿ ಬರೆದುಕೊಳ್ಳುತ್ತಿದ್ದೆ. 2010ರಲ್ಲಿ ಒಂದು ಲ್ಯಾಪ್‌ಟಾಪ್ ಕೊಂಡ ಮೇಲೆ, ರವಿವಾರ ಮುಳಗುಂದಕ್ಕೆ ಹೋಗಿ ಪಡಸಾಲೆಯಲ್ಲಿ ಅವ್ವನ ಎದುರಿಗೆ ಕುಳಿತು, ಅವಳು ಹೇಳಿದ್ದನ್ನು ನೇರವಾಗಿ ಅದರಲ್ಲಿಯೇ ಬೆರಳಚ್ಚು ಮಾಡತೊಡಗಿದೆ. ಒಂದು ಮಾತು ಕೇಳಿದರೆ ಅವಳು ಮೂರು ಹೇಳುತ್ತಿದ್ದಳು. 2013ರಲ್ಲಿ ಅವಳು ತೀರಿಕೊಂಡಳು.

2015ರಲ್ಲಿ ಒಂದು ವಿಚಾರಸಂಕಿರಣದಲ್ಲಿ ನಯಸೇನನ ಮೇಲೆ ಮಾತಾಡಲು ನಿಂತಿದ್ದೆ. ಶಾಸನದ ಚಿತ್ರಗಳನ್ನು ತೋರಿಸಬೇಕೆಂದು ಯಂತ್ರವನ್ನು ತೆರೆದರೆ, ದೊಡ್ಡ ಪರದೆಯ ಮೇಲೆ, ಅಪ್‌ಡೇಟ್ ನಡೆಯುತ್ತಿದೆ, ಯಂತ್ರವನ್ನು ಆರಿಸಬೇಡಿ ಎಂಬ ಅಪ್ಪಣೆ ಮೂಡಿತು. ಸಭೆ ನಕ್ಕಿತು. ನನಗೆ ಕೊಟ್ಟ ಅರ್ಧ ಗಂಟೆ ಮುಗಿದರೂ ಆ ಅಪ್ಪಣೆ ಕದಲಲಿಲ್ಲ. ಅಂದಿನ ಅವಮಾನದಲ್ಲಿ ನಾನು ಒಬ್ಬ ಹುಡುಗನನ್ನು ಕರೆದು, “ಇದನ್ನು ಶಾಶ್ವತವಾಗಿ ಬಂದ್ ಮಾಡಿಬಿಡಪ್ಪ” ಎಂದೆ. ಅವನು ಮಾಡಿದ. ಎರಡು ವರ್ಷ ನೆಮ್ಮದಿಯಿಂದಿದ್ದೆ.

2017 ಬಂದಿತು. ಅಮೆರಿಕದ ಬೇಹುಗಾರಿಕೆಯ ಸಂಸ್ಥೆಯೊಂದು ತನ್ನ ಉಪಯೋಗಕ್ಕೆ ಗುಟ್ಟಾಗಿ ಇಟ್ಟುಕೊಂಡಿದ್ದ ವಿಂಡೋಸಿನ ಒಂದು ತೂತಿನ ಕೀಲಿಕೈ ಕಳವಾಗಿ, ಏಪ್ರಿಲಿನಲ್ಲಿ ಬೀದಿಗೆ ಬಿದ್ದಿತು. ಅದನ್ನು ಮುಚ್ಚುವ ತೇಪೆ ಮಾರ್ಚ್ 14ರಂದೇ ಹೊರಟಿತ್ತು. ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಆ ತೂತಿನಿಂದ ನುಗ್ಗಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಜಡಿದು, ಬೀಗ ತೆರೆಯಲು 300 ಡಾಲರು ಬೇಡಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು. ಆಂಧ್ರಪ್ರದೇಶದ ಪೊಲೀಸರ ಕೆಲವು ಯಂತ್ರಗಳು, ಕೇರಳದ ವಯನಾಡಿನ ಒಂದು ಪಂಚಾಯತಿ ಕಚೇರಿಯವು ಸಿಕ್ಕಿಬಿದ್ದವು. ಮರುದಿನವೇ ಮೈಕ್ರೋಸಾಫ್ಟ್ ತಾನು ಕೈಬಿಟ್ಟಿದ್ದ ಎಕ್ಸ್‌ಪಿಗೂ ಒಂದು ತೇಪೆ ಕೊಟ್ಟಿತು. ಆದರೆ ಬಳಿಕ ಲೆಕ್ಕ ಹಾಕಿದಾಗ ತಿಳಿದ ವಿಷಯ ಬೇರೆಯಾಗಿತ್ತು. ಸಿಕ್ಕಿದ್ದರಲ್ಲಿ ಬಹುಪಾಲು ಎಕ್ಸ್‌ಪಿಯಲ್ಲ. ತೇಪೆ ಬರುತ್ತಿದ್ದರೂ ಹಚ್ಚಿಕೊಳ್ಳದ ವಿಂಡೋಸ್ 7ರ ಯಂತ್ರಗಳು.

ಆ ವರ್ಷದ ಮಳೆಗಾಲದಲ್ಲಿ ಅಂಥದೇ ಒಂದು ಬೀಗ ನನ್ನ ಯಂತ್ರಕ್ಕೂ ಬಿದ್ದಿತು. ಕಡತಗಳ ಹೆಸರಿನ ಬಾಲ ಬದಲಾಗಿತ್ತು, ಯಾವುದೂ ತೆರೆಯಲಿಲ್ಲ. ಹಣ ಕೇಳುವ ಓಲೆಯೊಂದು ಪರದೆಯ ಮೇಲಿತ್ತು. ನಕಲು ಇಟ್ಟುಕೊಂಡಿದ್ದ ಪೆನ್ ಡ್ರೈವ್ ಆ ಹೊತ್ತಿಗೆ ಯಂತ್ರದ ಮಗ್ಗುಲಲ್ಲಿಯೇ ಸಿಕ್ಕಿಸಿತ್ತು; ಅದಕ್ಕೂ ಬೀಗ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂದು ಬಹಳ ಹೊತ್ತು ನೋಡಿ, “ಸರ, ಇದರಾಗ ಎರಡು ವರ್ಷದಿಂದ ಒಂದೂ ಅಪ್‌ಡೇಟ್ ಆಗಿಲ್ರೀ” ಎಂದಷ್ಟೇ ಹೇಳಿದ. ಅವನು ಬೈದಿದ್ದರೆ ಹಗುರವಾಗುತ್ತಿತ್ತು. ನೋಟುಪುಸ್ತಕದ ಮಾತುಗಳು ಉಳಿದವು. ಪಡಸಾಲೆಯಲ್ಲಿ ಅವ್ವ ಹೇಳಿದ ಮೂರು ವರ್ಷದ ಮಾತುಗಳು ಹೋದವು. ಕೇಳೋಣವೆಂದರೆ ಅವಳಿರಲಿಲ್ಲ.

ತಪ್ಪು ನನ್ನದು ಎಂದು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ನನ್ನಂಥವರು ಕಾವಲುಗಾರನನ್ನು ಹೊರಹಾಕುವಷ್ಟು ರೋಸಿದ್ದೇಕೆ? ತೇಪೆ ಹಚ್ಚುವವರು ತೇಪೆಯೊಡನೆ ಬೇರೆ ಸರಕನ್ನೂ ತುರುಕಿದರು. 2015ರ ಜುಲೈನಲ್ಲಿ ಬಂದ ವಿಂಡೋಸ್ 10ರಲ್ಲಿ, ಮನೆಯ ಬಳಕೆದಾರನು ಅಪ್‌ಡೇಟನ್ನು ಬೇಡವೆನ್ನುವ ದಾರಿಯನ್ನೇ ಮುಚ್ಚಲಾಯಿತು. ಕೇಳದೆಯೇ ತನ್ನ ಯಂತ್ರಕ್ಕೆ ಅದನ್ನು ಏರಿಸಿದ್ದರಿಂದ ಕೆಲಸ ಕೆಟ್ಟಿತೆಂದು ಕ್ಯಾಲಿಫೋರ್ನಿಯಾದ ಒಬ್ಬ ಮಹಿಳೆ ನ್ಯಾಯಾಲಯಕ್ಕೆ ಹೋಗಿ 10,000 ಡಾಲರು ಪಡೆದ ಸುದ್ದಿ 2016ರಲ್ಲಿ ಬಂದಿತು. 2018ರ ಅಕ್ಟೋಬರಿನ ದೊಡ್ಡ ಅಪ್‌ಡೇಟು ಕೆಲವರ ಸ್ವಂತ ಕಡತಗಳನ್ನೇ ಅಳಿಸಿತು. ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2024ರ ಜುಲೈ 19ರಂದಂತೂ ಕಾವಲುಗಾರನೇ ಮನೆಗೆ ಬಡಿದಂತಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ತಪ್ಪು ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿ ಕುಸಿದವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಟ್ಟರು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಕಾಲವೂ ಮುಗಿಯಿತು. ಮನೆಯ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಅವಧಿ ದೊರೆಯಿತು, ನಿಜ. ಆದರೆ ಚೆನ್ನಾಗಿಯೇ ನಡೆಯುತ್ತಿದ್ದ ಎಷ್ಟೋ ಯಂತ್ರಗಳು, ಮುಂದಿನ ವ್ಯವಸ್ಥೆ ಕೇಳುವ ಬಿಡಿಭಾಗ ತಮ್ಮಲ್ಲಿಲ್ಲವೆಂಬ ಒಂದೇ ಕಾರಣಕ್ಕೆ ಅನರ್ಹವಾದವು. ಕೌದಿಗೆ ತೇಪೆ ಹಚ್ಚುವುದು ಒಳ್ಳೆಯದೇ. ಆದರೆ ಹೊದ್ದು ಮಲಗಿದವನನ್ನು ನಡುರಾತ್ರಿ ಎಬ್ಬಿಸಿ, ಕೌದಿಯನ್ನು ಎಳೆದುಕೊಂಡು ಹೊಲಿಯತೊಡಗಿದರೆ ಅವನು ಸಿಟ್ಟಾಗದಿರುತ್ತಾನೆಯೆ?

ಗ್ರಂಥಸಂಪಾದನೆಯ ಶಿಸ್ತಿನಲ್ಲಿ ಬೆಳೆದ ನನಗೆ ಇಲ್ಲಿ ಒಂದು ನ್ಯಾಯ ಕಾಣುತ್ತದೆ. ಹಳೆಯ ಪಠ್ಯದ ದೋಷವನ್ನು ತಿದ್ದುವ ಸಂಪಾದಕನಿಗೆ ಮೂರು ಕಟ್ಟಳೆಗಳಿವೆ. ತಿದ್ದಿದ್ದೆಲ್ಲಿ ಎಂದು ಅಡಿಟಿಪ್ಪಣಿಯಲ್ಲಿ ಹೇಳಬೇಕು. ದೋಷ ತಿದ್ದುವ ನೆಪದಲ್ಲಿ ತನ್ನ ಪದ್ಯ ಸೇರಿಸಬಾರದು. ಮೂಲಪಾಠಕ್ಕೆ ಮರಳುವ ದಾರಿಯನ್ನು ಓದುಗನಿಗೆ ಬಿಟ್ಟಿರಬೇಕು. ತೇಪೆ ಹಚ್ಚುವವರೂ ಇಷ್ಟನ್ನು ಪಾಲಿಸಲಿ. ಭದ್ರತೆಯ ತೇಪೆಯನ್ನು ಹೊಸ ಅಲಂಕಾರದಿಂದ ಬೇರೆಯಾಗಿ ಕೊಡಲಿ. ಹೊತ್ತು ಕೇಳಿ ಬರಲಿ. ಏನು ಮಾಡಿದೆವೆಂದು ನಮಗೆ ತಿಳಿಯುವ ಭಾಷೆಯಲ್ಲಿ, ಕನ್ನಡದಲ್ಲಿ ಹೇಳಲಿ. ಆಗ ‘ಆಮೇಲೆ’ ಎನ್ನುವವರು ಕಡಿಮೆಯಾಗುತ್ತಾರೆ.

ನಮ್ಮ ಪಾಲಿನ ಕರ್ತವ್ಯಕ್ಕೆ ಮೇಲ್ಪಂಕ್ತಿ ಗದಗಿನ ಮಗ್ಗುಲಲ್ಲಿಯೇ ಇದೆ. ಸಾವಿರ ವರ್ಷಗಳ ಹಿಂದೆ ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗೆ ಹುಳು ಬೀಳುತ್ತದೆ, ಬೆಂಕಿ ಬೀಳುತ್ತದೆ. ಎಲ್ಲ ಓಲೆಗೂ ಒಂದೇ ದಿನ ಬೀಳುವುದಿಲ್ಲ. ಇಂದಿಗೂ ಇದಕ್ಕಿಂತ ದೊಡ್ಡ ಭದ್ರತೆಯ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ಪ್ರತಿಗಳು ಬೇರೆ ಬೇರೆ ಕಡೆ ಇರಲಿ. ಒಂದಾದರೂ ಯಂತ್ರದಿಂದ ಕಳಚಿ ಇಟ್ಟದ್ದಾಗಿರಲಿ.

ನಿವೃತ್ತನಾದ ಮೇಲೆ ನಾನು ಮತ್ತೆ ಮುಳಗುಂದದ ಓಣಿಗಳಲ್ಲಿ ತಿರುಗುತ್ತಿದ್ದೇನೆ. ಅವ್ವನ ಓರಗೆಯವರು ಒಬ್ಬಿಬ್ಬರು ಉಳಿದಿದ್ದಾರೆ. ಕಳೆದ ಮಾತುಗಳಲ್ಲಿ ಕೆಲವನ್ನು ಅವರು ತಿರುಗಿ ಕೊಟ್ಟಿದ್ದಾರೆ. ಹಂತಿ ಕಟ್ಟುವಾಗಿನ ಎತ್ತುಗಳಿಗೆ ಅವು ನಿಲ್ಲುವ ಸ್ಥಾನಕ್ಕೆ ತಕ್ಕಂತೆ ಅವ್ವ ಹೇಳಿದ್ದ ಹೆಸರುಗಳು ಮಾತ್ರ ಇನ್ನೂ ಪೂರ್ತಿಯಾಗಿ ಸಿಕ್ಕಿಲ್ಲ. ಕೇಳುತ್ತಿದ್ದೇನೆ. ಸಿಕ್ಕಿದ್ದನ್ನು ಯುನಿಕೋಡಿನಲ್ಲಿ ಬರೆದು ಮೂರು ಕಡೆ ಇಡುತ್ತೇನೆ. ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸುತ್ತೇನೆ. ಬುಧವಾರ ಬೆಳಗ್ಗೆ ಪರದೆಯ ಮೂಲೆಯಲ್ಲಿ ಸೂಚನೆ ಕಾಣಿಸಿದರೆ, ಅರ್ಧ ಬರೆದ ಸಾಲನ್ನು ಮುಗಿಸಿ, ಯಂತ್ರಕ್ಕೆ ಅನುಮತಿ ಕೊಟ್ಟು, ಅಂಗಳಕ್ಕೆ ಹೋಗಿ ಚಹಾ ಕುಡಿಯುತ್ತೇನೆ. ಕಿರಿಕಿರಿ ಈಗಲೂ ಆಗುತ್ತದೆ. ಆದರೆ ಆ ಗುಂಡಿಯನ್ನು ಒತ್ತುವುದಿಲ್ಲ.